ಒಂದು ಗೇಣು ಗಾಳಿ

ನಮ್ಮ ಊರಿನಲ್ಲಿ ಮಳೆ ಬರುತ್ತಿದೆಯೇ ಎಂದು ನೋಡಲು ಯಾರೂ ಅಂಗಳಕ್ಕೆ ಇಳಿಯುವುದಿಲ್ಲ. ವಿಮಾನ ನಿಲ್ದಾಣದ ಪೆಟ್ಟಿಗೆ ಅರ್ಧ ಗಂಟೆಗೊಮ್ಮೆ ಹವೆ ಹೇಳುತ್ತದೆ, ಓಣಿ ಓಣಿಯ ಧ್ವನಿವರ್ಧಕಗಳು ಅದನ್ನು ಊರಿಗೆಲ್ಲ ಕೇಳಿಸುತ್ತವೆ, ಊರು ಅದರಂತೆ ನಡೆಯುತ್ತದೆ. ಪೆಟ್ಟಿಗೆ ಮಳೆ ಎಂದರೆ ಕೊಡೆ ಬಿಚ್ಚಬೇಕು. ಬಿಸಿಲು ಎಂದರೆ ಮಡಚಬೇಕು, ಮೇಲಿನಿಂದ ಏನೇ ಬೀಳುತ್ತಿರಲಿ. ಹೊಸದಾಗಿ ಊರಿಗೆ ಬಂದವರು ಒಂದೆರಡು ದಿನ ನಗುತ್ತಾರೆ. ಮೂರನೆಯ ದಿನ ಅವರೂ ತೊಯ್ದ ತಲೆಯಲ್ಲಿ ನಿಂತು, ಎಷ್ಟು ಚೆನ್ನಾಗಿ ಬಿಸಿಲು ಬಿದ್ದಿದೆ ಎಂದು ಮಾತಾಡಲು ಕಲಿಯುತ್ತಾರೆ.

ಎಲ್ಲಕ್ಕಿಂತ ಅನುಕೂಲವಾದದ್ದು ಮಂಜು. ಪೆಟ್ಟಿಗೆ ಮಂಜು ಎಂದಿತೋ, ಬಸ್ಸುಗಳು ಹಾಡುಹಗಲೇ ದೀಪ ಹೊತ್ತಿಸಿಕೊಂಡು ತೆವಳುತ್ತವೆ. ನಡೆಯುವವರೆಲ್ಲ ಬಲಗೈಯನ್ನು ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಇಡುತ್ತಾರೆ. ಮಂಜಿನಲ್ಲಿ ಯಾರ ಗುರುತೂ ಹಿಡಿಯಬಾರದು, ಅದು ನಮ್ಮಲ್ಲಿಯ ಮರ್ಯಾದೆ. ಟೇಲರ್ ಪಿಸೆಯ ಅಂಗಡಿ ನಡೆಯುತ್ತಿದ್ದದ್ದೇ ಇದರ ಮೇಲೆ. ಹಬ್ಬಕ್ಕೆ ಹೊಲಿಯಲು ಕೊಟ್ಟ ಕುಪ್ಪಸ ಕೇಳಲು ಹೆಂಗಸರು ಬಂದರೆ, ಅವನು ಕಟ್ಟೆಯ ಮೇಲೆ ನಿಂತು, ಎರಡು ಮೊಳ ದೂರದಲ್ಲಿದ್ದವರ ಮುಖ ನೋಡುತ್ತಾ, "ಯಾರ್ರೀ ಅದು? ಏನೂ ಕಾಣವಲ್ದು" ಎನ್ನುತ್ತಿದ್ದ. ಅವರೂ ಸುಮ್ಮನೆ ಕೈಚಾಚಿ ಗೋಡೆ ಸವರಿಕೊಂಡು ಮನೆಗೆ ಹೋಗುತ್ತಿದ್ದರು. ಕೋರ್ಟಿನಲ್ಲಿ ಅರ್ಧಕ್ಕರ್ಧ ಸಾಕ್ಷಿಗಳು ಮಂಜಿನ ಹೆಸರಿನಲ್ಲಿ ಬಿದ್ದುಹೋಗುತ್ತಿದ್ದವು. ಹದಿನೈದು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮಂಜಿನ ದಿನ ಒಬ್ಬರಿಗೊಬ್ಬರು ಕೈ ತಾಗಿಸಿ, "ತಪ್ಪಾತ್ರಿ, ಕಾಣಲಿಲ್ಲ" ಎಂದು ಹೇಳಿಕೊಂಡದ್ದನ್ನು ನಾನೇ ಬಿರುಬಿಸಿಲಿನಲ್ಲಿ ನಿಂತು ನೋಡಿದ್ದೇನೆ. ಅಂದರೆ ನೋಡಿಲ್ಲ.

ನಾನು ಗುರುಪಾದಪ್ಪ. ಪೆಟ್ಟಿಗೆ ಬರುವುದಕ್ಕೆ ಮುಂಚೆ ಆ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಆಕಾಶ ನೋಡುವ ಕೆಲಸದಲ್ಲಿದ್ದವನು. ಅರ್ಧ ಗಂಟೆಗೊಮ್ಮೆ ಮಾಳಿಗೆ ಹತ್ತುತ್ತಿದ್ದೆ. ನೀರಿನ ಟಾಕಿ ಕಂಡರೆ ಎರಡು ಕಿಲೋಮೀಟರ್, ದರ್ಗಾದ ಗುಮ್ಮಟ ಕಂಡರೆ ನಾಲ್ಕು, ಗುಡ್ಡದ ನೆತ್ತಿಯ ಒಂಟಿ ಬೇವು ಕಂಡರೆ ಹತ್ತು. ಹೀಗೆ ಕಂಡದ್ದನ್ನು ಬರೆದು ಕೆಳಗೆ ಕೊಡುತ್ತಿದ್ದೆ, ವಿಮಾನಕ್ಕೆ ಅದನ್ನೇ ಓದಿ ಹೇಳುತ್ತಿದ್ದರು. ನನ್ನ ಕೆಲಸದಲ್ಲಿ ಜಾಣತನವೇನೂ ಇರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಪೆಟ್ಟಿಗೆ ಬಂದ ಮೇಲೆ ನನ್ನನ್ನು ಮನೆಗೆ ಕಳಿಸಲಿಲ್ಲ, ಆ ಮಟ್ಟಿಗೆ ದೊಡ್ಡ ಮನಸ್ಸು ಮಾಡಿದರು. ಹುದ್ದೆಯ ಹೆಸರು ಬದಲಾಯಿಸಿ 'ಪೆಟ್ಟಿಗೆ ಪಾಲಕ' ಎಂದು ಮಾಡಿದರು. ಜೊತೆಗೆ ಒಂದು ಮೆತ್ತನೆಯ ಬಿಳಿ ಬಟ್ಟೆ ಮತ್ತು ಒಂದು ಟೊಪ್ಪಿಗೆ ಕೊಟ್ಟರು. ಬಟ್ಟೆ ಪೆಟ್ಟಿಗೆ ಒರೆಸಲು. ಟೊಪ್ಪಿಗೆಯ ಮುಂಚಾಚು ಒಂದು ಮೊಳ ಉದ್ದ, ಕೆಲಸದ ವೇಳೆಯಲ್ಲಿ ನನ್ನ ಕಣ್ಣು ಮೇಲಕ್ಕೆ ಹೋಗದಿರಲಿ ಎಂದು. ಒಂದು ಊರಿಗೆ ಎರಡು ಹವೆ ಇರಬಾರದು ಎಂದು ಮ್ಯಾನೇಜರ್ ಹೊಸಕೇರಿ ಸಾಹೇಬರು ತಿಳಿಸಿ ಹೇಳಿದರು.

ಪೆಟ್ಟಿಗೆ ರನ್‌ವೇಯ ಮೂಡಣ ತುದಿಯಲ್ಲಿ, ಕಲ್ಲುಗುಡ್ಡೆಯೊಂದರ ಮೇಲೆ ನಿಂತಿದೆ. ಅದಕ್ಕೆ ಎರಡು ತೋಳು. ಒಂದು ಬೆಳಕು ಬಿಡುತ್ತದೆ, ಇನ್ನೊಂದು ಆ ಬೆಳಕು ಎಷ್ಟು ಚದುರಿತು ಎಂದು ನೋಡುತ್ತದೆ. ತೋಳುಗಳ ನಡುವೆ ಇರುವುದು ಒಂದು ಗೇಣು ಗಾಳಿ. ಆ ಒಂದು ಗೇಣನ್ನು ನೋಡಿ ಅದು ಹತ್ತು ಕಿಲೋಮೀಟರಿನ ಸುದ್ದಿ ಹೇಳುತ್ತದೆ. ನೆತ್ತಿಯಲ್ಲಿ ಒಂದು ಗಾಜಿನ ಕಣ್ಣೂ ಇದೆ, ಅದು ನೆಟ್ಟಗೆ ಮೇಲೆ ಮಾತ್ರ ನೋಡುತ್ತದೆ. ಸುತ್ತ ನಾಲ್ಕೂ ದಿಕ್ಕಿನಲ್ಲಿ ಮೋಡ ಕವಿದು ಗುಡುಗುತ್ತಿದ್ದರೂ ತಲೆಯ ಮೇಲೊಂದು ತೂತಿದ್ದರೆ ಅದಕ್ಕೆ ಆಕಾಶ ಶುಭ್ರ. ನಾನು ಅದನ್ನು ಬೈಯುತ್ತಿಲ್ಲ. ಅದಕ್ಕೆ ತೋರಿಸಿದಷ್ಟನ್ನು ಅದು ನಿಯತ್ತಿನಿಂದಲೇ ನೋಡುತ್ತಿತ್ತು.

ಆ ಎರಡು ತೋಳುಗಳ ನಡುವೆ ಜೇಡ ಬಲೆ ಕಟ್ಟುತ್ತಿತ್ತು. ಬಲೆಯಲ್ಲಿ ಬೆಳಕು ಚದುರಿದರೆ ಪೆಟ್ಟಿಗೆ ಮಂಜು ಎನ್ನುತ್ತಿತ್ತು. ನಾನು ಬೆಳಿಗ್ಗೆ ಒರೆಸಿದರೆ ಮಂಜು ಹೋಯಿತು, ರಜೆ ಹಾಕಿದರೆ ಮಂಜು ಬಂತು. ನನಗೆ ಭಾನುವಾರ ರಜೆಯಾದ್ದರಿಂದ ಊರಿಗೆ ಸೋಮವಾರ ಬೆಳಗಿನ ತನಕ ಮಂಜು ಕಾಯಂ ಆಯಿತು. ಎದುರಾಗಬಾರದವರು ಎದುರಾಗುವ ಕೆಲಸಗಳನ್ನೆಲ್ಲ ಜನ ಭಾನುವಾರಕ್ಕೇ ಇಟ್ಟುಕೊಳ್ಳತೊಡಗಿದರು. ತಡೆಯಲಾರದೆ ಒಂದು ದಿನ ಮ್ಯಾನೇಜರರ ಬಳಿ ಹೋಗಿ, "ಸಾಹೇಬ್ರ, ಅದು ಮಂಜಲ್ರಿ. ಪೆಟಗಿ ಒಳಗ ಜೇಡರ ಹುಳ ಬಲಿ ಕಟ್ಟೈತ್ರಿ" ಎಂದೆ.

ಅವರು ಪೆನ್ನಿನ ಮುಚ್ಚಳ ತೆಗೆದರು. "ಪ್ರತಿ ಸಲ ಮಂಜು ಇದ್ದಾಗ ಜೇಡ ಇರ್ತೈತೇನು?"

"ಪ್ರತಿ ಸಲಾನೂ ಇರ್ತೈತ್ರಿ."

"ಚಲೋ ಆತು. ಮಂಜು ಬಿದ್ದಾಗ ಜೇಡ ಹೊರಗ ಬರ್ತಾವು ಅಂತ ವರದಿ ಕಳಸ್ತೀನಿ. ನಿಮ್ಮ ಹೆಸರೂ ಹಾಕ್ತೀನಿ, ಚಿಂತಿ ಮಾಡ್ಬ್ಯಾಡ್ರಿ."

ಹೇಳಿದಂತೆ ಹಾಕಿದರು. ಮೇಲಿನವರಿಂದ ನನಗೊಂದು ಮೆಚ್ಚುಗೆಯ ಪತ್ರವೂ ಬಂತು. ನನ್ನ ಹೆಂಡತಿ ಕಸ್ತೂರೆವ್ವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಅದರಲ್ಲಿ ಏನು ಬರೆದಿದೆ ಎಂದು ಓದಲು ಅವಳಿಗೆ ಕಾಣುತ್ತಿರಲಿಲ್ಲ, ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ತಲೆಕೆಳಗಾಗಿಯೇ ತೂಗುಹಾಕಿದ್ದಳು. ನನಗೂ ಅದು ಹಾಗಿದ್ದರೇ ಸರಿ ಅನ್ನಿಸಿ ಬಿಟ್ಟುಬಿಟ್ಟೆ.

ಕಳೆದ ಕಾರ್ತಿಕದಲ್ಲಿ ಅವಳು ಕಣ್ಣಿನ ಆಪರೇಷನ್ನಿಗೆಂದು ದೊಡ್ಡ ಊರಿನಲ್ಲಿರುವ ತಂಗಿಯ ಮನೆಗೆ ಹೋದಳು. ಮೈ ಕುಲುಕಬಾರದು, ಬಸ್ಸು ಬೇಡ, ವಿಮಾನದಲ್ಲೇ ಊರಿಗೆ ಹೋಗಬೇಕು ಎಂದು ಡಾಕ್ಟರು ತಾಕೀತು ಮಾಡಿದ್ದರು. ಬರುವ ಹಿಂದಿನ ದಿನ ಫೋನಿನಲ್ಲಿ ಅವಳ ದನಿ ಮದುಮಗಳ ದನಿಯ ಹಾಗಿತ್ತು. "ಎಲ್ಲಾ ಕಾಣ್ತೈತ್ರಿ! ನಮ್ಮ ತಂಗಿ ಮನ್ಯಾಗ ಏನ್ ಧೂಳ ಅಂತೀರಿ, ಮೂಲಿ ಮೂಲಿಯೊಳಗ! ಆಕಿ ಮುಖದ ಮ್ಯಾಲ ಸುಕ್ಕು ಬಂದಾವು, ಹೇಳೇಬಿಟ್ಟೆ. ನಾಳೆ ಹನ್ನೊಂದಕ್ಕ ಬರ್ತೀನಿ. ನೀವು ಗಡ್ಡ ಮಾಡ್ಕೊಂಡು ಬರ್ರಿ, ಈಗ ನಿಮ್ಮನ್ನೂ ನೋಡ್ತೀನಿ." ನನಗೆ ಸ್ವಲ್ಪ ಹೆದರಿಕೆಯೂ ಆಯಿತು. ನಾಲ್ಕು ವರ್ಷದಲ್ಲಿ ನಾನು ಎಷ್ಟು ಮುದುಕನಾಗಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಊರಿನ ಮೇಲೆ ಮಂಜು ಬಿದ್ದಿತ್ತು. ಜೇಡನದಲ್ಲ, ನಿಜವಾದದ್ದು. ಮೂರು ದಿನ ಮಳೆ ಹೊಡೆದು, ರಾತ್ರಿ ಆಕಾಶ ತೆರವಾಗಿ ಚಳಿ ಇಳಿದಿತ್ತು. ಕೆರೆಯ ಕಡೆಯಿಂದ ಎದ್ದ ಮಂಜು ಓಣಿಗಳನ್ನು ತುಂಬಿಕೊಂಡು ನಿಂತಿತ್ತು. ಗಡ್ಡ ಮಾಡಿಕೊಂಡು ಬಾಗಿಲಿಗೆ ಬಂದರೆ ನನಗೆ ನನ್ನ ಮೆಟ್ಟಿಲೇ ಕಾಣಲಿಲ್ಲ. ಅಷ್ಟರಲ್ಲಿ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡು ಹೇಳಿತು: "ಆಕಾಶ ಶುಭ್ರ. ನೋಟ ಹತ್ತು ಕಿಲೋಮೀಟರ್."

ಶುಭ್ರ ಹವೆಯಲ್ಲಿ ಕೈ ಚಾಚಿಕೊಂಡು ನಡೆಯುವುದು ನಮ್ಮಲ್ಲಿ ಕುಚೋದ್ಯವೆನಿಸಿಕೊಳ್ಳುತ್ತದೆ. ಹಾಗಾಗಿ ಜನ ಎಂದಿನಂತೆ ಬೀಸುಗಾಲಿನಲ್ಲಿ ಹೊರಟರು. ಬಿಳಿಯೊಳಗಿಂದ ಧಡ್ ಎನ್ನುವ ಸದ್ದು, ಅದರ ಹಿಂದೆ "ಅಯ್ಯಯ್ಯೋ", ಅದರ ಹಿಂದೆ "ಏನಿಲ್ಲ, ಏನಿಲ್ಲ" ಕೇಳಿಬರುತ್ತಿದ್ದವು. ಯಾರೋ ಒಬ್ಬರು ಲೈಟಿನ ಕಂಬಕ್ಕೆ ನಮಸ್ಕಾರ ಹೇಳಿ, ಮನೆಯಲ್ಲಿ ಎಲ್ಲರೂ ಆರಾಮೇ ಎಂದು ಕೇಳಿದರು. ಟೇಲರ್ ಪಿಸೆ ತನ್ನದೇ ಅಂಗಡಿಯ ಬಾಗಿಲಿಗೆ ಮೂತಿ ಹೊಡೆದುಕೊಂಡು, ತುಟಿ ಊದಿಸಿಕೊಂಡು, ಎಂಥಾ ಚಂದದ ಬೆಳಗು ಎಂದು ಹೇಳುತ್ತಿದ್ದ. ನಾನು ಸೈಕಲ್ ತಳ್ಳಿಕೊಂಡು, ಗಟಾರದ ಅಂಚು ಹಿಡಿದು, ನಿಲ್ದಾಣ ಮುಟ್ಟುವಷ್ಟರಲ್ಲಿ ಹತ್ತೂವರೆಯಾಗಿತ್ತು. ಹೊಸಕೇರಿ ಸಾಹೇಬರು ಹಣೆಗೆ ಕರವಸ್ತ್ರ ಒತ್ತಿ ಹಿಡಿದು ಕುಳಿತಿದ್ದರು. ಧ್ವಜದ ಕಂಬ ಅವರಿಗೆ ಅಡ್ಡ ಬಂದಿತ್ತು.

ವಿಮಾನದೊಂದಿಗೆ ಮಾತಾಡುವವಳು ಮೆಹರುನ್ನಿಸಾ, ಮೂವತ್ತರ ಹೆಣ್ಣುಮಗಳು. ಅವಳೂ ಹೊರಗೆ ನೋಡಬಾರದೆಂದು ಅವಳ ಕಿಟಕಿಗೆ ದಪ್ಪ ಪರದೆ ಹೊಲಿಸಿದ್ದರು. ಅವಳ ರೇಡಿಯೋದಲ್ಲಿ ಪೈಲಟ್ ಕೇಳುತ್ತಿದ್ದ, ಮೇಲಿನಿಂದ ಊರು ಪೂರ್ತಿ ಬೆಳ್ಳಗೆ ಕಾಣುತ್ತಿದೆ, ಏನದು? ಮೆಹರ್ ಸಾಹೇಬರ ಮುಖ ನೋಡಿದಳು.

"ಪೆಟಗಿ ಏನ್ ಹೇಳೈತೋ ಅದನ್ನ ಓದವಾ" ಎಂದರು ಅವರು.

"ಸಾಹೇಬ್ರ," ಎಂದೆ ನಾನು, "ಹೊರಗ ಹತ್ತು ಮಾರು ಕಾಣವಲ್ದು. ಇಳೀಬ್ಯಾಡ ಅಂತ ಹೇಳಸ್ರಿ. ನಲವತ್ತೊಂದು ಮಂದಿ ಅದಾರು. ನನ್ನ ಹೇಣ್ತಿ ಅದರಾಗ ಅದಾಳ್ರಿ."

"ಗುರುಪಾದಪ್ಪ, ನೀವು ಹೊರಗ ನೋಡಿದ್ರೇನು?" ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಟೊಪಗಿ ಎಲ್ಲಿ ಐತಿ?"

"ನಿಮ್ಮ ಹಣೀನ ಒಡದೈತಲ್ರಿ!"

"ಅದು ನನ್ನ ಸ್ವಂತ ವಿಷಯ."

ಮೆಹರ್ ತಲೆ ತಗ್ಗಿಸಿ ಓದಿದಳು. ಆಕಾಶ ಶುಭ್ರ, ನೋಟ ಹತ್ತು ಕಿಲೋಮೀಟರ್. ಪೆಟ್ಟಿಗೆ ಶುಭ್ರ ಎಂದಮೇಲೂ ಇಳಿಯದೆ ಹೋದ ಪೈಲಟ್ ಮೂರು ಪ್ರತಿಯಲ್ಲಿ ಕಾರಣ ಬರೆದುಕೊಡಬೇಕು. ಆ ಪೈಲಟ್, ಸರಿ, ಹನ್ನೊಂದಕ್ಕೆ ಇಳಿಯುತ್ತೇನೆ ಎಂದ. ನಾನು ಬಾಗಿಲಿಗೆ ಬಂದಾಗ ಮೆಹರ್ ಹಿಂದಿನಿಂದ ಮೆಲ್ಲಗೆ ಅಂದಳು, "ಕಾಕಾ, ನನಗ ಪೆಟಗಿ ಹೇಳಿದ್ದಷ್ಟ ಓದಾಕ ಬರ್ತೈತಿ. ಅದು ಬ್ಯಾರೆ ಹೇಳಿದ್ರ ಬ್ಯಾರೆ ಓದ್ತೀನಿ."

ನನ್ನ ಸರ್ವೀಸಿನಲ್ಲೇ ನಾನು ಕೇಳಿದ ಅತ್ಯಂತ ಬುದ್ಧಿವಂತಿಕೆಯ ಮಾತು ಅದು. ಸೈಕಲ್ ಹತ್ತಿದೆ. ರನ್‌ವೇ ಅಂಚಿನ ಬಿಳಿ ಗೆರೆ ಒಂದೇ ಕಾಣುತ್ತಿದ್ದದ್ದು, ಅದರ ಮೇಲೆ ಮುಂದಿನ ಚಕ್ರ ಇಟ್ಟು ತುಳಿದೆ. ಅರವತ್ತರ ಅಂಚಿನ ಮೊಣಕಾಲುಗಳು ಏನಂದವು ಎಂದು ಇಲ್ಲಿ ಬರೆಯುವಂತಿಲ್ಲ. ಕೊನೆಯ ಏರು ಹತ್ತುತ್ತಿದ್ದಂತೆ ಒಮ್ಮೆಲೇ ಬಿಸಿಲು ಮುಖಕ್ಕೆ ಬಡಿಯಿತು. ಕಲ್ಲುಗುಡ್ಡೆಯ ಮೇಲೆ ಮಂಜೇ ಇರಲಿಲ್ಲ. ಪೆಟ್ಟಿಗೆ ಎಳೆಬಿಸಿಲಿನಲ್ಲಿ ಮಿರಮಿರ ಮಿಂಚುತ್ತಾ, ತನ್ನ ಒಂದು ಗೇಣನ್ನು ಅಳೆಯುತ್ತಾ ನಿಂತಿತ್ತು. ಪಾಪ, ಅದು ಸುಳ್ಳು ಹೇಳಿರಲಿಲ್ಲ. ತಿರುಗಿ ನೋಡಿದರೆ ಹಿಂದೆ ರನ್‌ವೇ ಇಲ್ಲ, ಕಟ್ಟಡ ಇಲ್ಲ, ಊರಿಲ್ಲ, ಬರೀ ಬಿಳಿ.

ಅಂದು ನಾನು ಅದನ್ನು ಚೆನ್ನಾಗಿ ಒರೆಸಿದ್ದರೂ ಹತ್ತು ಕಿಲೋಮೀಟರೇ, ಬಿಟ್ಟಿದ್ದರೂ ಹತ್ತು ಕಿಲೋಮೀಟರೇ. ಹಾಳಾದ ಜೇಡವೂ ಆ ದಿನ ಎಲ್ಲಿಗೋ ಹೋಗಿತ್ತು. ಗಡಿಯಾರ ಹತ್ತು ಐವತ್ತೆರಡು ತೋರಿಸುತ್ತಿತ್ತು. ಒರೆಸುವ ಬಿಳಿ ಬಟ್ಟೆಯನ್ನು ಎಳೆದು, ನೂಲು ಬಿಡಿಸಿ, ತೆಳ್ಳಗೆ ಮಾಡಿ ಎರಡು ತೋಳುಗಳ ನಡುವೆ ಕಟ್ಟಿದೆ. ಮೂವತ್ತೊಂದು ವರ್ಷ ಕಂಡದ್ದನ್ನು ಕಂಡಂತೆ ಬರೆದವನು, ಆ ದಿನ ಒಂದು ಯಂತ್ರಕ್ಕೆ ಇಲ್ಲದ್ದನ್ನು ತೋರಿಸುತ್ತಿದ್ದೆ. ಗಂಟಿನ ಮೇಲೆ ಇನ್ನೆರಡು ಗಂಟು ಹಾಕಿದೆ. ನಾಚಿಕೆಯಾಗಲಿಲ್ಲ, ಎಲ್ಲಿ ಬಿಚ್ಚೀತೋ ಎಂಬ ಭಯವೊಂದೇ ಇತ್ತು.

ಪೆಟ್ಟಿಗೆ ಯಾವುದನ್ನೂ ಅವಸರದಲ್ಲಿ ನಂಬುವುದಿಲ್ಲ. ಅದರ ಬದಿಯ ಚಿಕ್ಕ ಪರದೆಯಲ್ಲಿ ಹತ್ತು ಎಂದಿದ್ದದ್ದು ಎಂಟಾಯಿತು. ಎಂಟು ಬಹಳ ಹೊತ್ತು ಎಂಟೇ ಆಗಿತ್ತು. ದೂರದಲ್ಲಿ ವಿಮಾನದ ಸದ್ದು ಕೇಳಿಸಿತು. ಐದು. "ಲಗೂನ, ಲಗೂನ ಮಾರಾಯ" ಎಂದು ಪೆಟ್ಟಿಗೆಯ ಬೆನ್ನು ತಟ್ಟಿದೆ. ಮೂರು. ಸದ್ದು ತಲೆಯ ಮೇಲೆಯೇ ಬಂತು. ವಿಮಾನ ಹೊಟ್ಟೆಯ ಮೊಳೆಗಳು ಕಾಣುವಷ್ಟು ತಗ್ಗಿ, ಚಕ್ರ ಬಿಟ್ಟುಕೊಂಡು, ನನ್ನನ್ನು ದಾಟಿ ಬಿಳಿಯ ಕಡೆ ಇಳಿಯುತ್ತಿತ್ತು. ಕಿಟಕಿಗಳ ಸಾಲು ಕಂಡಿತು. ಅದರಲ್ಲಿ ಒಂದರ ಹಿಂದೆ ಕಸ್ತೂರಿ ಇದ್ದಳು. ಪರದೆಯ ಮೇಲೆ ಎರಡು ನೂರು ಮೀಟರ್ ಎಂದು ಬಂತು. ಆಗ ಊರಿನ ಕಡೆಯಿಂದ, ಮಂಜಿನೊಳಗಿಂದ, ಎಲ್ಲ ಧ್ವನಿವರ್ಧಕಗಳೂ ಒಟ್ಟಿಗೆ ಕೂಗಿದವು: "ಮಂಜು. ದಟ್ಟವಾದ ಮಂಜು."

ಮೆಹರಳೂ ಅದನ್ನೇ ಓದಿರಬೇಕು, ಎಂಜಿನ್ ಗರ್ಜಿಸಿತು. ವಿಮಾನ ಮೂಗು ಎತ್ತಿ, ಬಿಳಿಯ ಮೇಲ್ಮೈಯನ್ನು ಸವರಿಕೊಂಡು ಮೇಲೆದ್ದು, ಬಿಸಿಲಿನಲ್ಲಿ ಒಮ್ಮೆ ಮಿಂಚಿ ತೆಂಕಣಕ್ಕೆ ತಿರುಗಿ ಹೋಯಿತು. ನಾನು ಕಲ್ಲಿನ ಮೇಲೆ ಕುಳಿತು ಅತ್ತೆ. ಮುದುಕರು ಒಬ್ಬರೇ ಇದ್ದಾಗ ಅಳುವ ಹಾಗೆ, ಜೋರಾಗಿ. ಊರಿನಲ್ಲಿ ಅದೇ ಗಳಿಗೆಗೆ ಎಲ್ಲರೂ ಉಸಿರು ಬಿಟ್ಟು ಕೈ ಮುಂದೆ ಚಾಚಿದರಂತೆ. ಆಮೇಲೆ ಯಾರೂ ಯಾವ ಕಂಬಕ್ಕೂ ಡಿಕ್ಕಿ ಹೊಡೆಯಲಿಲ್ಲ ಎಂದು ಮೆಹರ್ ಹೇಳಿದಳು.

ವಿಮಾನ ಬೇರೆ ಊರಿನಲ್ಲಿ ಇಳಿಯಿತು. ಅಲ್ಲಿಂದ ಬಸ್ಸಿನಲ್ಲಿ ಏಳು ತಾಸು ಕುಲುಕಾಡಿಸಿ ಎಲ್ಲರನ್ನೂ ಕರೆತಂದರು. ಕಸ್ತೂರಿ ಬಂದವಳೇ ನನ್ನನ್ನು ನೋಡಲಿಲ್ಲ, ಸೊಂಟ ಹಿಡಿದುಕೊಂಡು ಮಲಗಿದಳು. ಮಾರನೆಯ ದಿನ ಎದ್ದು ನನ್ನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿ, "ಎಷ್ಟ್ ಸೊರಗೀರಿ" ಎಂದು ಕಣ್ಣೀರು ತಂದುಕೊಂಡಳು. ಆಪರೇಷನ್ ಆದ ಕಣ್ಣು, ಅಳಬಾರದು ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಕೇಳಿ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಒಳಗೆ ಹೋದಳು. ಏನನ್ನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತು, ಕೇಳಲಿಲ್ಲ.

ಮೂರನೆಯ ದಿನ ನಿಲ್ದಾಣದಲ್ಲಿ ವಿಚಾರಣೆ. ವಿಚಾರಣಾಧಿಕಾರಿ ಹೊಸಕೇರಿ ಸಾಹೇಬರೇ, ಬೇರೆ ಯಾರೂ ಬಿಡುವಾಗಿರಲಿಲ್ಲ. ನಾಗರಿಕರ ಪರವಾಗಿ ಟೇಲರ್ ಪಿಸೆ. ಬರೆದುಕೊಳ್ಳಲು ಮೆಹರ್. ನನ್ನ ಪಕ್ಕದಲ್ಲಿ ಕಸ್ತೂರಿ. ಹಿಂದೆ ಊರಿನ ಜನ ತುಂಬಿದ್ದರು. ನನ್ನ ಮೇಲಿನ ಆರೋಪ, ಶುಭ್ರ ಹವೆಯಿದ್ದ ದಿನ ಹತ್ತು ಐವತ್ತೆರಡಕ್ಕೆ ಊರಿನ ಮೇಲೆ ಮಂಜು ಉಂಟುಮಾಡಿದ್ದು.

"ಮಂಜು ಮೊದಲ ಇತ್ರಿ," ಎಂದೆ. "ಬೆಳಕ ಹರದಾಗಿಂದ ಇತ್ತು."

"ಪೆಟಗಿ ಹಂಗ ಹೇಳಿಲ್ಲ. ಅದರ ತೋಳಿನಾಗ ನಿಮ್ಮ ಬಟ್ಟೀನೂ ಸಿಕ್ಕೈತಿ, ಅದನ್ನ ಕಟ್ಟಿದ ಮ್ಯಾಲ ಮಂಜು ಬಂತು. ಅಂದ್ರ ಮಂಜು ಮಾಡಿದವ್ರು ನೀವ." ಸಾಹೇಬರು ಕಾಗದವನ್ನು ನನ್ನ ಕಡೆ ಸರಿಸಿದರು. "ಒಪ್ಕೊಂಡು ಸಹಿ ಮಾಡ್ರಿ. ಇಲ್ಲಾಂದ್ರ ಪೆಟಗಿ ತಪ್ಪೈತಿ ಅಂತ ನಾ ಬರೀಬೇಕಾಗ್ತೈತಿ. ಹಂಗ ಬರಿಯಾಕ ನಮ್ಮಲ್ಲೆ ಫಾರ್ಮ್ ಇಲ್ಲ."

"ಮಾಡೂದಿಲ್ರಿ. ನಾ ಮಂಜು ಮಾಡಿಲ್ಲ, ನೋಡೀನಿ."

ಕೋಣೆ ಗುಜುಗುಜು ಎಂದಿತು. ಆಗ ಕಸ್ತೂರಿ ಎದ್ದು ನಿಂತಳು. ಹೊಸ ಕಣ್ಣುಗಳನ್ನು ಅಗಲ ಮಾಡಿ ಸಾಹೇಬರನ್ನು ನೋಡಿದಳು. "ಸಾಹೇಬ್ರ, ಒಂದು ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹಣೀಗೆ ಪಟ್ಟಿ ಯಾಕ ಹಚ್ಚೀರಿ?"

"ಅದು... ಕಂಬಕ್ಕ ಬಡೀತು."

"ಶುಭ್ರ ಬಿಸಲಾಗ? ಪಿಸೆ ಅಣ್ಣಾರ, ನಿಮ್ಮ ತುಟಿ? ಮೆಹರ್, ನಿನ್ನ ಗದ್ದಕ್ಕ ಏನವಾ ಅದು ನೀಲಿ?" ಅವಳು ಹಿಂದೆ ತಿರುಗಿದಳು. ಕಣ್ಣು ಸಾಲು ಸಾಲಾಗಿ ಓಡಿತು. "ಅಯ್ಯ ಶಿವನ, ಎಲ್ಲಾರ ಹಣೀ ಮ್ಯಾಲೂ ಪಟ್ಟಿ! ಮೂಗಿನ ಮ್ಯಾಲ ಹತ್ತಿ! ಹತ್ತು ಕಿಲೋಮೀಟರ್ ಕಾಣೂ ಮಂದಿ ಹಿಂಗ್ ಬೀಳ್ತೀರೇನು?"

ಕೆಲವರು ಹಣೆಯ ಮೇಲೆ ಕೂದಲು ಎಳೆದುಕೊಂಡರು. ಒಬ್ಬ ಟೊಪ್ಪಿಗೆ ತಗ್ಗಿಸಿದ. ಪಿಸೆ ಮೊಟ್ಟಮೊದಲ ಬಾರಿಗೆ, ಮಂಜಿಲ್ಲದ ಹೊತ್ತಿನಲ್ಲಿ, ಯಾರ ಮುಖವನ್ನೂ ನೋಡಲಾರದೆ ಕುಳಿತ. ಇನ್ನೊಂದು ಗಳಿಗೆ ಹಾಗೇ ಇದ್ದಿದ್ದರೆ ಯಾರಾದರೂ ಒಬ್ಬರು ಬಾಯಿ ಬಿಡುತ್ತಿದ್ದರೋ ಏನೋ. ಆದರೆ ಸಾಹೇಬರು ಮೇಜಿನ ಡ್ರಾಯರ್ ಎಳೆದು ಇನ್ನೊಂದು ಕಾಗದ ತೆಗೆದರು.

"ಈಗ ಇದನ್ನೂ ನೋಡಿಬಿಡ್ರಿ. ವಿಮಾನದ ಪ್ರಯಾಣಿಕರು ಬಸ್ಸಿನಾಗ ಕುಂತು ಬರದ ದೂರು. ಈ ಮಂಜಿಗೆ ಯಾರು ಕಾರಣನೋ ಅವ್ರಿಗೆ ತಕ್ಕ ಶಿಕ್ಷೆ ಆಗಬೇಕು ಅಂತ ಬರದಾರು. ಕಡೀ ಸಹಿ ಯಾರದೈತಿ ಓದ್ರಿ, ಗುರುಪಾದಪ್ಪ."

ಕಸ್ತೂರಿ ಕುಳಿತುಬಿಟ್ಟಳು. ಸೆರಗಿನ ತುದಿ ಬಾಯಿಗೆ ಹೋಯಿತು. "ನಡಾ ಮುರದು ಹೋಗಿತ್ರಿ," ಎಂದು ನನ್ನ ಕಿವಿಯ ಬಳಿ ಅಂದಳು. "ಕಾಗದ ನನ್ನ ಕಡೆ ಬಂತು, ಕಣ್ಣು ಬಂದಾವಲ್ಲ, ಓದಿದೆ, ಹೌದ ಅನ್ನಿಸ್ತು. ಮಾಡೇಬಿಟ್ಟೆ. ನೀವು ಅಂತ ನನಗೇನು ಗೊತ್ತು?"

ನಾನು ಮೇಲಿನಿಂದ ಓದುತ್ತಾ ಬಂದೆ. ಮೊದಲನೆಯದು ಒಬ್ಬ ಹೈಸ್ಕೂಲು ಮಾಸ್ತರರದ್ದು, ಸಹಿಯ ಕೆಳಗೆ ಎರಡು ಗೆರೆ ಎಳೆದಿದ್ದರು. ಒಬ್ಬ ವ್ಯಾಪಾರಿ ತನಗಾದ ತೊಂದರೆಯನ್ನು ಪಕ್ಕದಲ್ಲೇ ವಿವರಿಸಿ ಜಾಗ ಸಾಲದೆ ಅಂಚಿಗೆ ಏರಿದ್ದ. ಒಬ್ಬಾಕೆ ಬಾಣಂತಿ, ತನ್ನ ಹೆಸರಿನ ಮುಂದೆ ಕೂಸಿನ ಹೆಬ್ಬೆಟ್ಟನ್ನೂ ಒತ್ತಿಸಿದ್ದಳು, ಅಕ್ಕಿಕಾಳಿನಷ್ಟು ಗುರುತು. ಯಾರೋ ಅಜ್ಜ ಸಿಟ್ಟಿನಲ್ಲಿ ಕಾಗದ ಹರಿಯುವಂತೆ ಬರೆದಿದ್ದರು. ಒಂದೊಂದೇ ಓದಿದೆ, ಒಂದನ್ನೂ ಬಿಡಲಿಲ್ಲ. ಕೊನೆಯದು ಕಸ್ತೂರಿಯದ್ದು. ನಾಲ್ಕು ವರ್ಷದಿಂದ ಅವಳ ಸಹಿ ರೇಷನ್ ಪುಸ್ತಕದಲ್ಲಿ ಗೆರೆ ತಪ್ಪಿ ಎಲ್ಲೆಲ್ಲೋ ಅಲೆಯುತ್ತಿತ್ತು. ಇಲ್ಲಿ ಗೆರೆಯ ಮೇಲೆ ನೆಟ್ಟಗೆ ಕುಳಿತಿತ್ತು, ಕೊಂಬು ದೀರ್ಘ ಒಂದೂ ತಪ್ಪದೆ.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

"ಯಾಕ ನಗಾಕತ್ತೀರಿ?" ಸಾಹೇಬರು ಗಾಬರಿಯಾದರು. "ನಿಮ್ಮ ಮ್ಯಾಲಿನ ದೂರ ಅದು."

"ಹೌದ್ರಿ. ನಲವತ್ತೊಂದು ಮಂದಿ ಹತ್ತಿದ್ರು, ನಲವತ್ತೊಂದೂ ಸಹಿ ಅದಾವು. ಒಬ್ಬರೂ ಬಿಟ್ಟುಹೋಗಿಲ್ಲ ನೋಡ್ರಿ ಸಾಹೇಬ್ರ."

ಮೆಹರಳ ಕೈಯಿಂದ ಪೆನ್ನು ಇಸಿದುಕೊಂಡೆ. ಮಂಜು ಮಾಡಿದವನು ನಾನೇ ಎಂದು ಬರೆದು, ಕೆಳಗೆ ಸಹಿ ಹಾಕಿದೆ.